ಕ್ಯಾನ್ಸರ್‌ಗೆ ವೈರಸ್ ಚಿಕಿತ್ಸೆಯೋ, ಇಮ್ಯುನೊಥೆರಪಿಯೋ, ಕಾರ್-ಟಿಯೋ? ಮಲೆನಾಡಿನ ಮನೆಗಳಿಗೊಂದು ಹೋಲಿಕೆ

"ವೈರಸ್ ಚುಚ್ಚಿ ಕ್ಯಾನ್ಸರ್ ಗುಣ ಮಾಡ್ತಾರಂತೆ, ಅಪ್ಪಯ್ಯನಿಗೆ ಕೊಡಿಸಬಹುದಾ?" ವಾಟ್ಸ್‌ಆ್ಯಪ್‌ನಲ್ಲಿ ಇಂಥ ವಿಡಿಯೊ ಬಂದಾಗಲೆಲ್ಲ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಕೇಳುವುದು ತಪ್ಪಲ್ಲ. ಮನೆಯವರಿಗೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಯಾವ ದಾರಿಯನ್ನೂ ಬಿಡಬಾರದು ಅನ್ನಿಸುವುದು ಸಹಜ. ಆದರೆ ವಿಡಿಯೊದಲ್ಲಿ ವೈರಸ್ ಚಿಕಿತ್ಸೆ, ಇಮ್ಯುನೊಥೆರಪಿ, ಕಾರ್-ಟಿ ಎಲ್ಲ ಒಂದೇ ಉಸಿರಿನಲ್ಲಿ ಬಂದು ಹೋಗುತ್ತವೆ. ಯಾವುದು ಯಾರಿಗೆ ಅನ್ನುವುದು ಮಾತ್ರ ತಿಳಿಯುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಮೂರರಲ್ಲೂ ಕೊನೆಗೆ ಗೆಡ್ಡೆಯ ಮೇಲೆ ಬೀಳಬೇಕಾದ್ದು ಮೈಯಲ್ಲಿರುವ ರೋಗನಿರೋಧಕ ಕಣಗಳೇ (ಜೀವಕೋಶಗಳೇ). ಔಷಧಿ ಅವುಗಳಿಗೆ ಅನುಕೂಲ ಮಾಡಿಕೊಡುತ್ತದೆ, ಅಷ್ಟೇ. ಹಾಗಾಗಿ "ಯಾವುದು ಜೋರು ಔಷಧಿ?" ಅಂತ ಕೇಳಿ ಪ್ರಯೋಜನವಿಲ್ಲ. "ಈ ರೋಗಿಯಲ್ಲಿ ರೋಗನಿರೋಧಕ ಶಕ್ತಿ ಎಲ್ಲಿ ಸೋತಿದೆ?" ಅಂತ ಕೇಳಬೇಕು. ಗೆಡ್ಡೆ ಇರುವುದೇ ಅದಕ್ಕೆ ಗೊತ್ತಾಗಿಲ್ಲವೇ? ಗೊತ್ತಾಗಿಯೂ ಯಾರೋ ತಡೆದಿದ್ದಾರೆಯೇ? ಅಥವಾ ಈ ಕ್ಯಾನ್ಸರನ್ನು ಗುರುತಿಸುವ ಕಣಗಳೇ ಮೈಯಲ್ಲಿ ಇಲ್ಲವೇ? ಮೊದಲನೆಯದಕ್ಕೆ ವೈರಸ್, ಎರಡನೆಯದಕ್ಕೆ ಆ ತಡೆ ತೆಗೆಯುವ ಚೆಕ್‌ಪಾಯಿಂಟ್ ಇಂಜೆಕ್ಷನ್, ಮೂರನೆಯದಕ್ಕೆ ರೋಗಿಯ ಕಣಗಳನ್ನೇ ಲ್ಯಾಬಿನಲ್ಲಿ ತಿದ್ದಿ ಕೊಡುವ ಕಾರ್-ಟಿ. ಒರಟು ಲೆಕ್ಕ ಇದು. ಆದರೂ ಡಾಕ್ಟರ ಎದುರು ಕೂತಾಗ ಕೈ ಹಿಡಿಯುತ್ತದೆ.

ವೈರಸ್ ನಿಜವಾಗಿ ಏನು ಮಾಡುತ್ತದೆ

ಆರೋಗ್ಯವಂತ ಕಣಕ್ಕೆ ವೈರಸ್ ಹೊಕ್ಕರೆ ಅದು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಗೆ ಬಿಡುತ್ತದೆ. ಅಕ್ಕಪಕ್ಕದ ಕಣಗಳು ಅದರಿಂದ ಎಚ್ಚೆತ್ತು ವೈರಸ್ ಬೆಳೆಯದಂತೆ ತಡೆಯುತ್ತವೆ. ಬಹಳಷ್ಟು ಕ್ಯಾನ್ಸರ್ ಕಣಗಳಲ್ಲಿ ಈ ವ್ಯವಸ್ಥೆ ಕೆಟ್ಟಿರುತ್ತದೆ. ಮಿತಿಯಿಲ್ಲದೆ ಬೆಳೆಯಲು ಹೋಗಿ ಅವು ಈ ರಕ್ಷಣೆಯನ್ನು ಕಳೆದುಕೊಂಡಿರುತ್ತವೆ. ಅದಕ್ಕೇ ಬಲ ಕಡಿಮೆ ಮಾಡಿದ ವೈರಸ್ಸೂ ಅಲ್ಲಿ ಬೆಳೆಯುತ್ತದೆ, ಒಳ್ಳೆಯ ಕಣದಲ್ಲಿ ಬೆಳೆಯುವುದಿಲ್ಲ. ಬೆಳೆದು, ಕಣವನ್ನು ಒಡೆದು, ಪಕ್ಕದ ಕ್ಯಾನ್ಸರ್ ಕಣಕ್ಕೆ ಹೋಗುತ್ತದೆ.

ವಿಡಿಯೊಗಳು ಇಲ್ಲಿಗೆ ನಿಲ್ಲುತ್ತವೆ. ವೈರಸ್ ಕ್ಯಾನ್ಸರನ್ನು ತಿಂದು ಹಾಕಿತು, ಮುಗಿಯಿತು ಅಂತ. ವಿಜ್ಞಾನಿಗಳೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದರು. ಈಗ ಲೆಕ್ಕ ಬದಲಾಗಿದೆ. ಕಣ ಒಡೆದಾಗ ಅದರೊಳಗೆ ಅಡಗಿದ್ದ ಕ್ಯಾನ್ಸರಿನ ಗುರುತುಗಳು ಹೊರಗೆ ಬೀಳುತ್ತವೆ. ಜೊತೆಗೆ ಅಪಾಯದ ಸೂಚನೆ ಕೊಡುವ ವಸ್ತುಗಳೂ ಚೆಲ್ಲುತ್ತವೆ. ಡೆಂಡ್ರಿಟಿಕ್ ಕಣಗಳೆಂಬ ಕಾವಲುಗಾರರು ಅವನ್ನು ಹೆಕ್ಕಿಕೊಂಡು ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗುತ್ತಾರೆ. ಅಲ್ಲಿ ಟಿ-ಕಣಗಳೆಂಬ ಕಾದಾಡುವ ಬಿಳಿ ರಕ್ತಕಣಗಳಿಗೆ ಆ ಗುರುತು ತೋರಿಸುತ್ತಾರೆ. ಟಿ-ಕಣಗಳು ಅದೇ ಗುರುತು ಹಿಡಿದು ಮೈಯೆಲ್ಲ ಹುಡುಕುತ್ತವೆ.

ನಮ್ಮ ಕಡೆ ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಏನಾಗುತ್ತದೆ? ಉಣ್ಣೆ ಹುಳದಿಂದ ಹರಡುವ ಮಂಗನ ಕಾಯಿಲೆ ಇರಬಹುದೆಂದು ಸುದ್ದಿ ಆಸ್ಪತ್ರೆಗೆ ಹೋಗುತ್ತದೆ. ಆರೋಗ್ಯ ಇಲಾಖೆಯವರು ಬರುತ್ತಾರೆ, ಉಣ್ಣೆ ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ, ಸುತ್ತಲಿನ ಹಳ್ಳಿಗಳಿಗೂ ಎಚ್ಚರಿಕೆ ಹೋಗುತ್ತದೆ. ವೈರಸ್‌ನಿಂದ ಒಡೆದ ಕ್ಯಾನ್ಸರ್ ಕಣದ ಕೆಲಸವೂ ಇದೇ. ಒಂದು ಕಣ ಸತ್ತಿದ್ದಕ್ಕಿಂತ ಅದು ಎಬ್ಬಿಸಿದ ಎಚ್ಚರ ದೊಡ್ಡದು.

ಸುಮ್ನೆ ಹೇಳುವ ಮಾತಲ್ಲ ಇದು. ಅಮೆರಿಕದಲ್ಲಿ 2015ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ಟಿ-ವೆಕ್ ಎಂಬ ಔಷಧಿ ಇದೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸನ್ನು ಬದಲಾಯಿಸಿ ಮಾಡಿದ್ದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ, ಗೆಡ್ಡೆಗೇ ನೇರವಾಗಿ ಚುಚ್ಚುತ್ತಾರೆ. 436 ರೋಗಿಗಳ ಅಧ್ಯಯನದಲ್ಲಿ ಅದನ್ನು ಪರೀಕ್ಷಿಸಿದರು. ಚುಚ್ಚಿದ ಗೆಡ್ಡೆಗಳಲ್ಲಿ ಶೇ 64ರಷ್ಟು ಅರ್ಧಕ್ಕಿಂತ ಕಡಿಮೆ ಗಾತ್ರಕ್ಕೆ ಇಳಿದವು. ಚುಚ್ಚದೇ ಬಿಟ್ಟಿದ್ದ, ಚರ್ಮ ಮತ್ತು ಗ್ರಂಥಿಗಳ ಗೆಡ್ಡೆಗಳಲ್ಲೂ ಶೇ 34ರಷ್ಟು ಹಾಗೇ ಇಳಿದವು. ಶ್ವಾಸಕೋಶ, ಲಿವರ್‌ನಂಥ ಒಳಗಿನ ಅಂಗಗಳ ಗೆಡ್ಡೆಗಳಲ್ಲಿ ಇಳಿದದ್ದು ಶೇ 15 ಮಾತ್ರ. ಸೂಜಿ ಮುಟ್ಟದ ಗೆಡ್ಡೆ ಕರಗಿದ್ದು ಹೇಗೆ? ಎಚ್ಚೆತ್ತ ಟಿ-ಕಣಗಳ ಕೆಲಸ ಅದು. ಆದರೆ ದೂರ ಹೋದಂತೆ ಅದರ ಬಲ ಕುಗ್ಗುತ್ತದೆ ಅನ್ನುವುದನ್ನೂ ಇದೇ ಅಂಕಿಗಳು ಹೇಳುತ್ತಿವೆ. ಲಿವರ್‌ಗೆ ಹಬ್ಬಿದ ಕ್ಯಾನ್ಸರ್ ಇರುವ ಮನೆಯವರು ಈ ಶೇ 15ನ್ನು ನೆನಪಿಡಬೇಕು.

ಇನ್ನೊಂದು ಅಂಕಿ. ಆರು ತಿಂಗಳಿಗೂ ಜಾಸ್ತಿ ಕಾಲ ಉಳಿದ ಒಳ್ಳೆಯ ಪರಿಣಾಮ ಕಂಡದ್ದು ಶೇ 16.3 ರೋಗಿಗಳಲ್ಲಿ. ಹೋಲಿಕೆಗೆ ಬೇರೆ ಔಷಧಿ ಪಡೆದವರಲ್ಲಿ ಅದು ಶೇ 2.1. ವ್ಯತ್ಯಾಸ ದೊಡ್ಡದು, ನಿಜ. ಆದರೆ ಆರು ಜನರಲ್ಲಿ ಒಬ್ಬರಿಗೆ, ಅದೂ ಮೆಲನೋಮದಲ್ಲಿ. ನಮ್ಮ ಕಡೆ ಮೆಲನೋಮ ಅಪರೂಪ.

ಕ್ಯಾಸನೂರಿನ ವೈರಸ್ಸನ್ನೇ ಕೊಟ್ಟು ನೋಡಿದ್ದರು

ಮಲೆನಾಡಿನವರು ತಿಳಿದಿರಬೇಕಾದ ಸಂಗತಿ ಇದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಸಮುದ್ರ ದಾಟಿ ಇಂಗ್ಲೆಂಡಿಗೂ ಹೋಗಿತ್ತು. ಅಲ್ಲಿನ ವೈದ್ಯರು ರಕ್ತದ ಕ್ಯಾನ್ಸರ್ ಮತ್ತು ಬೇರೆ ಗೆಡ್ಡೆಗಳಿದ್ದ 28 ರೋಗಿಗಳಿಗೆ ಈ ವೈರಸ್ಸನ್ನೋ, ಅದರ ಹತ್ತಿರದ ನೆಂಟ ಲಂಗಾಟ್ ವೈರಸ್ಸನ್ನೋ ಕೊಟ್ಟು ನೋಡಿದರು. ವರದಿ 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಯಿತು, ಅದು ಉಳಿಯಲಿಲ್ಲ. ಕೆಲವರಿಗೆ ಮಿದುಳಿನ ಉರಿಯೂತ ಬಂತು.

ಕಾರಣ ನೋಡಿ. ರಕ್ತದ ಕ್ಯಾನ್ಸರ್ ಇದ್ದವರಲ್ಲಿ ರೋಗನಿರೋಧಕ ಕಣಗಳೇ ಹಾಳಾಗಿರುತ್ತವೆ. ವೈರಸ್ಸನ್ನು ಹದ್ದಿನಲ್ಲಿಡುವ ಶಕ್ತಿಯೂ ಇಲ್ಲ, ಅದು ಎಬ್ಬಿಸಿದ ಎಚ್ಚರವನ್ನು ಬಳಸಿಕೊಳ್ಳುವ ಶಕ್ತಿಯೂ ಇಲ್ಲ. ವೈರಸ್ಸಿನ ಮೇಲೆ ಆಗ ಯಾವ ಹಿಡಿತವೂ ಇರಲಿಲ್ಲ. ಕಾಡಿನಲ್ಲಿ ಹೇಗಿತ್ತೋ ಹಾಗೇ ಕೊಟ್ಟರು.

ಈಗಿನವು ಹಾಗಲ್ಲ. ಟಿ-ವೆಕ್‌ನಲ್ಲಿ ನರಗಳಿಗೆ ತೊಂದರೆ ಕೊಡುವ ಜೀನನ್ನು ತೆಗೆದಿದ್ದಾರೆ. ರೋಗನಿರೋಧಕ ಶಕ್ತಿಯ ಕಣ್ಣಿಗೆ ಬೀಳದಂತೆ ಅಡಗಿಸುವ ಇನ್ನೊಂದು ಜೀನನ್ನೂ ತೆಗೆದಿದ್ದಾರೆ. ಆ ಜಾಗಕ್ಕೆ ಡೆಂಡ್ರಿಟಿಕ್ ಕಣಗಳನ್ನು ಕರೆದು ಬೆಳೆಸುವ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನಿನ ಜೀನ್ ಸೇರಿಸಿದ್ದಾರೆ. ಅಕಸ್ಮಾತ್ ವೈರಸ್ ಹದ್ದು ಮೀರಿದರೆ ಮಾಮೂಲಿ ಅಸೈಕ್ಲೋವಿರ್‌ನಂಥ ಔಷಧಿಗೆ ಅದು ಬಗ್ಗುತ್ತದೆ. ಅಂದರೆ ಇಡೀ ವೈರಸ್ಸನ್ನು ರೋಗನಿರೋಧಕ ಶಕ್ತಿಗೆ ಅನುಕೂಲವಾಗುವ ಹಾಗೆ ತಿದ್ದಿದ್ದಾರೆ. ಹಾಗಿದ್ದರೂ ರೋಗನಿರೋಧಕ ಶಕ್ತಿ ತುಂಬಾ ಕುಗ್ಗಿದವರಿಗೆ, ಗರ್ಭಿಣಿಯರಿಗೆ ಟಿ-ವೆಕ್ ಕೊಡುವುದಿಲ್ಲ.

ಅದೇ ಶಕ್ತಿ ಅಡ್ಡಿಯೂ ಆಗುತ್ತದೆ

ವೈರಸ್ಸನ್ನು ರಕ್ತಕ್ಕೇ ಕೊಟ್ಟರೆ ಮೈಯೆಲ್ಲ ಇರುವ ಗೆಡ್ಡೆಗಳಿಗೆ ತಲುಪಬಹುದಲ್ವಾ? ಹೇಳುವಷ್ಟು ಸುಲಭವಲ್ಲ. ಚಿಕ್ಕಂದಿನಲ್ಲಿ ಬಂದ ಸೋಂಕುಗಳಿಂದ ನಮ್ಮಲ್ಲಿ ಬಹಳಷ್ಟು ವೈರಸ್‌ಗಳ ವಿರುದ್ಧ ಪ್ರತಿಕಾಯಗಳು ಮೊದಲೇ ಇರುತ್ತವೆ. ಲಿವರ್, ಗುಲ್ಮ (ಸ್ಪ್ಲೀನ್) ಎರಡೂ ರಕ್ತದಲ್ಲಿ ಬಂದ ವೈರಸ್ಸನ್ನು ಬೇಗ ಸೋಸಿ ಹಾಕುತ್ತವೆ. ಗೆಡ್ಡೆ ತಲುಪುವ ಮೊದಲೇ ಬಹುಪಾಲು ಹೋಗಿರುತ್ತದೆ. ಅದಕ್ಕೇ ಈಗ ಬಳಕೆಯಲ್ಲಿರುವವನ್ನು ಗೆಡ್ಡೆಗೇ ಚುಚ್ಚುತ್ತಾರೆ, ಇಲ್ಲವೇ ಮೂತ್ರಕೋಶದಂಥ ಜಾಗಕ್ಕೆ ನೇರವಾಗಿ ತುಂಬುತ್ತಾರೆ.

ಹಾಗಾಗಿ ವೈರಸ್ ಚಿಕಿತ್ಸೆಗೆ ಒಂದು ಸರಳ ಮಿತಿ ಇದೆ. ಸೂಜಿ ತಲುಪುವ ಜಾಗದಲ್ಲಿ ಗೆಡ್ಡೆ ಇರಬೇಕು.

ಬೇರೆ ದೇಶಗಳ ಪಟ್ಟಿಯೂ ಉದ್ದವಿಲ್ಲ. ಚೀನಾ 2005ರಲ್ಲಿ ಎಚ್101 ಎಂಬ ಅಡೆನೊವೈರಸ್ಸನ್ನು ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ ಕೀಮೊ ಜೊತೆ ಕೊಡಲು ಒಪ್ಪಿತು. ಜಪಾನ್ 2021ರಲ್ಲಿ ಮಿದುಳಿನ ಗೆಡ್ಡೆಗೆ ಡೆಲಿಟಾಕ್ಟ್ ಎಂಬ ಹರ್ಪಿಸ್ ಆಧಾರಿತ ಔಷಧಿಗೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಬಿಸಿಜಿ ಎಂಬ ಬ್ಯಾಕ್ಟೀರಿಯಾ ತುಂಬುವ ಹಳೆಯ ಚಿಕಿತ್ಸೆಗೆ ಬಗ್ಗದ ಮೂತ್ರಕೋಶದ ಕ್ಯಾನ್ಸರ್‌ಗೆ ಅಮೆರಿಕ 2022ರ ಡಿಸೆಂಬರಿನಲ್ಲಿ ಅಡ್‌ಸ್ಟಿಲಾಡ್ರಿನ್ ಒಪ್ಪಿತು. ಇದರಲ್ಲಿರುವ ವೈರಸ್ಸು ಕ್ಯಾನ್ಸರ್ ಕಣವನ್ನು ಒಡೆಯುವುದೇ ಇಲ್ಲ. ಇಂಟರ್‌ಫೆರಾನ್ ತಯಾರಿಸುವ ಜೀನನ್ನು ಒಳಗೆ ತಲುಪಿಸಿ ಸುಮ್ಮನಾಗುತ್ತದೆ. ಶಿವಮೊಗ್ಗದಿಂದ ನಾವು ಹೋಗುವ ಮಣಿಪಾಲ, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇವು ಯಾವುವೂ ದಿನನಿತ್ಯದ ಚಿಕಿತ್ಸೆಯಲ್ಲ. ಟಿ-ವೆಕ್ಕನ್ನು ಮೈನಸ್ 70 ಡಿಗ್ರಿಗಿಂತ ಕೆಳಗೆ ಇಡಬೇಕು. ಅದನ್ನು ಕೊರಿಯರ್‌ನಲ್ಲಿ ತರಿಸಿಕೊಡುತ್ತೇನೆ ಎನ್ನುವ ಯಾರನ್ನೂ ನಂಬಬೇಡಿ.

ಚೆಕ್‌ಪಾಯಿಂಟ್ ಇಂಜೆಕ್ಷನ್: ಸದ್ಯ ನಮ್ಮ ಕೈಗೆ ಹತ್ತಿರದ್ದು

ಆಸ್ಪತ್ರೆಗಳಲ್ಲಿ 'ಇಮ್ಯುನೊಥೆರಪಿ' ಎಂದರೆ ಸಾಮಾನ್ಯವಾಗಿ ಇದೇ. ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಮುಂತಾದವು. ಟಿ-ಕಣ ಗೆಡ್ಡೆಯನ್ನು ಗುರುತಿಸಿ ಹತ್ತಿರ ಬಂದಿರುತ್ತದೆ. ಆಗ ಕ್ಯಾನ್ಸರ್ ಕಣ ಪಿಡಿ-ಎಲ್1 ಎಂಬ ಪ್ರೋಟೀನ್ ತೋರಿಸಿ ಅದನ್ನು ತಡೆಯುತ್ತದೆ. ಈ ಔಷಧಿ ಆ ತಡೆಯನ್ನು ತೆಗೆಯುತ್ತದೆ. ಇದರ ಹಿಂದಿನ ಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು.

ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ. ನಮ್ಮ ಕಡೆ ಜಾಸ್ತಿ ಕಾಣುವ ಬಾಯಿ ಕ್ಯಾನ್ಸರ್‌ಗೆ ಸಂಬಂಧಿಸಿದ ವಿಷಯ ಇದು. ತಂಬಾಕು ಹಾಕದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ತೋಟವೇ ಬದುಕಾಗಿರುವ ಊರಿನಲ್ಲಿ ಇದನ್ನು ಹೇಳಲು ಮನಸ್ಸು ಬರುವುದಿಲ್ಲ. ಆದರೂ ಎಲೆ-ಅಡಿಕೆ, ಗುಟ್ಕಾ ಹಾಕುವವರಿಗೆ ಬಾಯಿ ಪೂರ್ತಿ ತೆರೆಯಲು ಬಾರದಿದ್ದರೆ, ಖಾರ ತಿಂದರೆ ಉರಿದರೆ, ಎರಡು ವಾರ ಕಳೆದರೂ ಹುಣ್ಣು ಮಾಯದಿದ್ದರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದಂತವೈದ್ಯರ ಬಳಿಗೋ ಕರೆದುಕೊಂಡು ಹೋಗಿ. ಬೇಗ ಸಿಕ್ಕ ಬಾಯಿ ಕ್ಯಾನ್ಸರ್‌ಗೆ ಆಪರೇಷನ್, ಅಗತ್ಯವಿದ್ದರೆ ರೇಡಿಯೇಷನ್. ಗುಣವಾಗುವ ಅವಕಾಶ ಅಲ್ಲಿದೆ. ಆಪರೇಷನ್ ಆಗುವ ಹಂತದಲ್ಲಿ ಅದನ್ನು ಬಿಟ್ಟು ವೈರಸ್ಸಿನದೋ ಬೇರಾವುದೋ ಹೊಸ ಚಿಕಿತ್ಸೆಗೆ ಕಾಯುವುದು ಅಪಾಯ.

ತಿರುಗಿ ಬಂದ ಅಥವಾ ಹಬ್ಬಿದ ಕ್ಯಾನ್ಸರ್‌ನಲ್ಲಿ ಪ್ರಶ್ನೆ ಬೇರೆ. ಚೆಕ್‌ಪಾಯಿಂಟ್ ಇಂಜೆಕ್ಷನ್ ಪೂರ್ತಿ ಡೋಸ್ ಬಹಳ ದುಬಾರಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಇದಕ್ಕೊಂದು ದಾರಿ ಹುಡುಕಿದರು. ನಿವೊಲುಮಾಬ್‌ನ ಮಾಮೂಲಿ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಇವರು ಮೂರು ವಾರಕ್ಕೆ 20 ಮಿಲಿಗ್ರಾಂ ಮಾತ್ರ ಕೊಟ್ಟರು, ಕಡಿಮೆ ಖರ್ಚಿನ ಮಾತ್ರೆಗಳ ಜೊತೆ. ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರ್ ಇದ್ದ 151 ಜನರಲ್ಲಿ ನೋಡಿದರು. ಬರೀ ಮಾತ್ರೆ ಪಡೆದವರಲ್ಲಿ ಒಂದು ವರ್ಷ ಬದುಕಿದ್ದವರು ಶೇ 16.3. ಇಂಜೆಕ್ಷನ್ನೂ ಸೇರಿದವರಲ್ಲಿ ಶೇ 43.4. ಇದು ಗುಣವಾದವರ ಲೆಕ್ಕವಲ್ಲ, ಸಮಯ ಸಿಕ್ಕವರ ಲೆಕ್ಕ. ಆದರೆ ಮಗಳ ಮದುವೆ ನೋಡಬೇಕು ಅಂತಿರುವ ಮನುಷ್ಯನಿಗೆ ಆ ಸಮಯದ ಬೆಲೆ ದೊಡ್ಡದು. ಬಾಯಿ ಕ್ಯಾನ್ಸರ್ ತಿರುಗಿ ಬಂದಿದ್ದರೆ "ಕಡಿಮೆ ಡೋಸ್ ನಿವೊಲುಮಾಬ್ ನಮಗೆ ಆಗುತ್ತದೆಯೇ?" ಎಂದು ಹೆಸರು ಹಿಡಿದೇ ಕೇಳಿ. ವೈರಸ್ ಚಿಕಿತ್ಸೆ ಹುಡುಕಿ ಅಲೆಯುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು ಎಂದೇ ನಾನು ಹೇಳುತ್ತೇನೆ.

ತೊಂದರೆಯೂ ಇದೆ. ತಡೆ ತೆಗೆದ ಮೇಲೆ ಟಿ-ಕಣಗಳು ಒಳ್ಳೆಯ ಅಂಗಗಳ ಮೇಲೂ ಬೀಳಬಹುದು. ಥೈರಾಯ್ಡ್, ಕರುಳು, ಶ್ವಾಸಕೋಶ, ಲಿವರ್. ಭೇದಿ, ಏದುಸಿರು, ಒಣಕೆಮ್ಮು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಶುರುವಾಗಬಹುದು. ಆಗುಂಬೆಯ ಮಳೆಗಾಲದಲ್ಲಿ ಕೆಮ್ಮು ಮಾಮೂಲು ಅಂತ ಬಿಟ್ಟುಬಿಟ್ಟರೆ ಕಷ್ಟ. "ರೋಗನಿರೋಧಕ ಶಕ್ತಿ ಹೆಚ್ಚಿಸುವ" ಕಷಾಯ, ಪುಡಿಗಳ ಬಗ್ಗೆಯೂ ಇದೇ ಕಾರಣಕ್ಕೆ ಹೇಳುತ್ತೇನೆ: ಈ ಶಕ್ತಿ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ. ಅದು ಸರಿಯಾದ ಗುರಿ ಹಿಡಿಯಬೇಕು. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಎರಡನ್ನೂ ಸೇರಿಸಿದರೆ?

ವೈರಸ್ ಎಚ್ಚರಿಸುತ್ತದೆ, ಚೆಕ್‌ಪಾಯಿಂಟ್ ಔಷಧಿ ತಡೆ ತೆಗೆಯುತ್ತದೆ. ಎರಡೂ ಸೇರಿದರೆ ಚೆನ್ನ ಅನ್ನಿಸುತ್ತದೆ. 2017ರಲ್ಲಿ 21 ಮೆಲನೋಮ ರೋಗಿಗಳಲ್ಲಿ ಟಿ-ವೆಕ್ ಮತ್ತು ಪೆಂಬ್ರೊಲಿಜುಮಾಬ್ ಸೇರಿಸಿ ಕೊಟ್ಟಾಗ ಶೇ 62 ಜನರಲ್ಲಿ ಗೆಡ್ಡೆ ಕುಗ್ಗಿತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಸುಮಾರು 700 ಜನರ ದೊಡ್ಡ ಅಧ್ಯಯನ ಮಾಡಿದರು. ಪೆಂಬ್ರೊಲಿಜುಮಾಬ್ ಒಂದನ್ನೇ ಕೊಟ್ಟದ್ದಕ್ಕಿಂತ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಚಿಕ್ಕ ಅಧ್ಯಯನದ ದೊಡ್ಡ ಅಂಕಿ ಹಿಡಿದುಕೊಂಡು ತೋಟ ಅಡವಿಡುವ ಮೊದಲು ಈ ಉದಾಹರಣೆ ನೆನಪಾಗಲಿ.

ಕಾರ್-ಟಿ, ಬಿಸಿಜಿ

ಕಾರ್-ಟಿಯಲ್ಲೂ ವೈರಸ್ ಇದೆ, ಆದರೆ ಅದು ರೋಗಿಯ ಮೈಯಲ್ಲಿ ಕೆಲಸ ಮಾಡುವುದಿಲ್ಲ. ರೋಗಿಯ ರಕ್ತದಿಂದ ಟಿ-ಕಣ ತೆಗೆದು, ಲ್ಯಾಬಿನಲ್ಲಿ ಲೆಂಟಿವೈರಸ್ ಮೂಲಕ ಹೊಸ ಜೀನ್ ಸೇರಿಸಿ, ಬೆಳೆಸಿ, ತಿರುಗಿ ಕೊಡುತ್ತಾರೆ. ಐಐಟಿ ಬಾಂಬೆಯ ಸಂಶೋಧನೆಯಿಂದ ಹುಟ್ಟಿದ ನೆಕ್ಸ್‌ಕಾರ್19 ಎಂಬ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ವಿದೇಶದ ಬೆಲೆಗಿಂತ ಎಷ್ಟೋ ಕಡಿಮೆ, ಆದರೂ ಹತ್ತಾರು ಲಕ್ಷ. ಬಿ-ಕಣಗಳೆಂಬ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಲಿಂಫೋಮ, ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರುಗಳಿಗೆ ಮಾತ್ರ. ಬಾಯಿ, ಸ್ತನ, ಹೊಟ್ಟೆಯ ಗೆಡ್ಡೆಗಳಿಗೆ ಅಲ್ಲ.

ಮೂತ್ರಕೋಶದ ಒಳಪದರದಲ್ಲೇ ಇರುವ ಕ್ಯಾನ್ಸರ್‌ಗೆ ಬಿಸಿಜಿ ತುಂಬುವುದು 1976ರಿಂದ ಬಂದ ಪದ್ಧತಿ. ಅದು ಬ್ಯಾಕ್ಟೀರಿಯಾ, ವೈರಸ್ ಅಲ್ಲ. ಕೆಲಸ ಮಾತ್ರ ಅದೇ, ಆ ಜಾಗದಲ್ಲಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವುದು. ಹಳೆಯದು ಅಂತ ಅದನ್ನು ಕಡೆಗಣಿಸಬೇಡಿ.

ವೈರಸ್ ಚಿಕಿತ್ಸೆಯ ಪ್ರಯೋಗಕ್ಕೆ ಸೇರುವುದಾದರೆ

ಮಾಮೂಲಿ ಚಿಕಿತ್ಸೆಗಳು ಮುಗಿದು, ರೋಗಿ ಓಡಾಡಿಕೊಂಡಿದ್ದು, ಗೆಡ್ಡೆ ಸೂಜಿಗೆ ಸಿಗುವಂತಿದ್ದರೆ ಕ್ಲಿನಿಕಲ್ ಟ್ರಯಲ್ ಕೇಳಿ ನೋಡಬಹುದು. ನಮ್ಮ ದೇಶದ ಯಾವುದೇ ಟ್ರಯಲ್ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇರಲೇಬೇಕು. ನೋಂದಣಿ ಸಂಖ್ಯೆ ಕೇಳಿ. ಪ್ರಯೋಗದ ಔಷಧಿಗೇ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕೆಂದು 2019ರ ನಿಯಮ ಹೇಳುತ್ತದೆ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದ್ದೇ ಕೇಳಿ ತೆಗೆದುಕೊಳ್ಳಿ, ಮನೆಗೆ ತಂದು ಓದಿ, ಆಮೇಲೆ ಸಹಿ ಹಾಕಿ.

ಡಾಕ್ಟರ ಹತ್ತಿರ ಕೇಳಬೇಕಾದ್ದು ಮುಖ್ಯವಾಗಿ ರೋಗನಿರೋಧಕ ಶಕ್ತಿಯ ಬಗ್ಗೆಯೇ. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಏನು ಮಾಡಬೇಕು? ಕೀಮೊದಿಂದ ಬಿಳಿ ರಕ್ತಕಣ ಕುಸಿದಿದ್ದರೆ ಎಷ್ಟು ದಿನ ಕಾಯಬೇಕು? ಕಿಡ್ನಿ ಕಸಿ ಆಗಿದ್ದರೆ, ಸಂಧಿವಾತದ ಔಷಧಿ ನಡೆಯುತ್ತಿದ್ದರೆ ಮೊದಲೇ ಹೇಳಿ. ಗೆಡ್ಡೆ ಕುಗ್ಗುವ ಮೊದಲು ಸ್ವಲ್ಪ ಊದಿಕೊಳ್ಳುವುದೂ ಉಂಟು. ಟಿ-ಕಣಗಳು ಒಳಗೆ ನುಗ್ಗಿದಾಗ ಹಾಗಾಗುತ್ತದೆ. ಅದನ್ನು ರೋಗ ಬೆಳೆದದ್ದರಿಂದ ಹೇಗೆ ಬೇರೆ ಮಾಡಿ ನೋಡುತ್ತೀರಿ ಎಂದು ಕೇಳಿ. ಚುಚ್ಚಿದ ಗಾಯವನ್ನು ಎಷ್ಟು ದಿನ ಮುಚ್ಚಿಡಬೇಕು, ಮನೆಯಲ್ಲಿ ಬಸುರಿಯೋ ಎಳೆ ಮಗುವೋ ಇದ್ದರೆ ಬ್ಯಾಂಡೇಜ್ ಯಾರು ಬದಲಿಸಬೇಕು, ಇದೂ ಮುಖ್ಯ.

ಜ್ವರದ ಬಗ್ಗೆ ಒಂದು ಮಾತು. ವೈರಸ್ ಚುಚ್ಚಿದ ಮೇಲೆ ಜ್ವರ, ಚಳಿ, ಸುಸ್ತು ಬರುವುದು ಸಾಮಾನ್ಯ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಡಿಸೆಂಬರಿನಿಂದ ಮೇ ತನಕ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲ. ಮನೆಯವರು ಸೊಪ್ಪು, ತರಗೆಲೆ ತರಲು ಕಾಡಿಗೆ ಹೋಗುವವರಾದರೆ, ರೋಗಿಗೆ ಉಣ್ಣೆ ಕಚ್ಚಿರುವ ಸಾಧ್ಯತೆ ಇದ್ದರೆ, ಚಿಕಿತ್ಸೆ ಮಾಡುವ ಡಾಕ್ಟರಿಗೆ ಅದನ್ನು ಹೇಳಲೇಬೇಕು. ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯದೇ ಇರಬಹುದು.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30, ಗರಿಷ್ಠ 1.5 ಲಕ್ಷ. ನಿಮ್ಮ ಇಂಜೆಕ್ಷನ್ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲ ದಿನವೇ ವಿಚಾರಿಸಿ.

ಎರಡನೇ ಅಭಿಪ್ರಾಯಕ್ಕೆ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೊರಟರೆ ಬರೀ ರಿಪೋರ್ಟ್ ಸಾಲದು. ಬಯಾಪ್ಸಿಯ ಬ್ಲಾಕ್ (ಗೆಡ್ಡೆಯ ಚೂರನ್ನು ಮೇಣದಲ್ಲಿ ಇಟ್ಟಿರುವುದು) ಮತ್ತು ಸ್ಲೈಡ್ ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆದು ತೆಗೆದುಕೊಂಡು ಹೋಗಿ. ಪಿಡಿ-ಎಲ್1 ಪರೀಕ್ಷೆ ಮಾಡುವುದು ಆ ಬ್ಲಾಕಿನಿಂದಲೇ. ಗೆಡ್ಡೆಯೊಳಗೆ ಟಿ-ಕಣಗಳು ಬಂದಿವೆಯೋ ಇಲ್ಲವೋ ಎಂದು ನೋಡುವುದೂ ಅದರಲ್ಲೇ.